ನಾಲ್ಕು ಒಳ್ಳೆ ಮಾತಿನಿಂದ ಮಗು ಕಲಿಯುತ್ತಾ?

ನಾನು ಗಣಿತದ ಟೀಚರ್ ಅಂತ ಗೊತ್ತಾದ ಕೂಡಲೇ ಅಪ್ಪ ಅಮ್ಮಂದಿರು, ಹೊಸದಾಗಿ ಕೆಲಸಕ್ಕೆ ಸೇರಿದ ಟೀಚರುಗಳು ಕೂಡ, ಒಂದೇ ಪ್ರಶ್ನೆ ಕೇಳುತ್ತಾರೆ. ಓದಿನಲ್ಲಿ ಹಿಂದೆ ಬಿದ್ದ ಮಗುವಿಗೆ ನಾಲ್ಕು ಒಳ್ಳೆ ಮಾತು ಹೇಳಿದರೆ ನಿಜವಾಗಲೂ ಏನಾದರೂ ಬದಲಾಗುತ್ತಾ?

ಬದಲಾಗುತ್ತದೆ. ಆದರೆ ಯಾವ ಮಾತು ಅನ್ನುವುದು ಮುಖ್ಯ. ಇದು ನನಗೆ ತಡವಾಗಿ ಗೊತ್ತಾಯಿತು.

ಒಬ್ಬ ಹುಡುಗ ಇದ್ದ. ಕಳೆಯುವ ಲೆಕ್ಕ ಕೊಟ್ಟರೆ ಸಾಕು, ಪುಸ್ತಕವನ್ನು ಮೊಣಕೈಯಿಂದ ಮರೆಮಾಡಿಕೊಂಡು ಬರೆಯುತ್ತಿದ್ದ. ಹತ್ತಕ್ಕೆ ಹತ್ತೂ ತಪ್ಪು. ನಾನು ತಿಂಗಳುಗಟ್ಟಲೆ 'ಪರವಾಗಿಲ್ಲ, ನಿನ್ನ ಕೈಲಿ ಆಗುತ್ತೆ' ಅನ್ನುತ್ತಲೇ ಇದ್ದೆ. ಅವನು ತಲೆ ಆಡಿಸುತ್ತಿದ್ದ. ಮತ್ತೆ ಹತ್ತೂ ತಪ್ಪು.

ಒಂದು ದಿನ ಪಕ್ಕದಲ್ಲಿ ಕೂತು ನೋಡಿದೆ. 503ರಲ್ಲಿ 287 ಕಳೆದು 384 ಅಂತ ಬರೆದಿದ್ದ. ಬರಬೇಕಾದದ್ದು 216. ಈ 384 ಎಲ್ಲಿಂದ ಬಂತು? 3ರಲ್ಲಿ 7 ಹೋಗಲ್ಲ, ಅದಕ್ಕೆ 7ರಲ್ಲೇ 3 ಕಳೆದಿದ್ದ. ಸೊನ್ನೆಯಲ್ಲಿ 8 ಹೋಗಲ್ಲ, ಅದಕ್ಕೆ 8ನ್ನು ಹಾಗೇ ಇಳಿಸಿದ್ದ. ದೊಡ್ಡದರಲ್ಲಿ ಚಿಕ್ಕದನ್ನು ಕಳೆಯಬೇಕು ಅಂತ ಮೊದಲು ಹೇಳಿಕೊಟ್ಟವರು ನಾವೇ ಅಲ್ವಾ, ಅದನ್ನೇ ಅವನು ಪ್ರತಿ ಸ್ಥಾನದಲ್ಲೂ ಚಾಚೂ ತಪ್ಪದೆ ಮಾಡಿದ್ದ. ಉಳಿದ ಒಂಬತ್ತು ಲೆಕ್ಕದಲ್ಲೂ ಅದೇ.

'ನೋಡು, ಇದು ಹತ್ತು ತಪ್ಪಲ್ಲ, ಒಂದೇ ತಪ್ಪು. ಬಾಕಿ ಎಲ್ಲ ನಿನಗೆ ಬರುತ್ತೆ. ಪಕ್ಕದ ಮನೆಯಿಂದ ಕಡ ತರೋದು ಒಂದು ಕಲಿತುಬಿಡು' ಅಂದೆ. ಅವನು ಮೊಣಕೈ ತೆಗೆದ. ಪೆನ್ಸಿಲ್ ತುದಿ ಇಟ್ಟು ಒಂದೊಂದೇ ಲೆಕ್ಕ ನೋಡುತ್ತಾ ಹೋಗಿ, 'ಎಲ್ಲದರಲ್ಲೂ ಅದೇನಾ ಟೀಚರ್?' ಅಂತ ಕೇಳಿದ.

ಅಷ್ಟು ದಿನ ನಾನು ಹೇಳಿದ್ದ 'ನಿನ್ನ ಕೈಲಿ ಆಗುತ್ತೆ' ಅನ್ನುವ ಮಾತಿಗೆ ಬುಡವೇ ಇರಲಿಲ್ಲ. ಅವನ ಲೆಕ್ಕವನ್ನೇ ಸರಿಯಾಗಿ ನೋಡದವಳು ಆಗುತ್ತೆ ಅಂತ ಹೇಗೆ ಹೇಳಿದೆ? ಟೀಚರ್ ಸುಮ್ನೆ ಹೇಳುತ್ತಿದ್ದಾರೋ, ನೋಡಿ ಹೇಳುತ್ತಿದ್ದಾರೋ ಅನ್ನುವುದು ಮಕ್ಕಳಿಗೆ ಬೇಗ ತಿಳಿಯುತ್ತದೆ, ಅದರಲ್ಲೂ ಸೋತು ಸೋತು ಬೇಸತ್ತ ಮಗುವಿಗೆ.

'ನೀನು ಜಾಣ' ಅನ್ನುವುದೂ ಕೆಲಸಕ್ಕೆ ಬರುವುದಿಲ್ಲ. 1998ರಲ್ಲಿ ಕ್ಲಾಡಿಯಾ ಮುಲ್ಲರ್ ಮತ್ತು ಕ್ಯಾರೊಲ್ ಡ್ವೆಕ್ ಅನ್ನುವ ಮನಶ್ಶಾಸ್ತ್ರಜ್ಞರು ಐದನೇ ತರಗತಿಯ ಮಕ್ಕಳಿಗೆ ಕೆಲವು ಚಿತ್ರದ ಒಗಟು ಕೊಟ್ಟು, ಮುಗಿದ ಮೇಲೆ ಕೆಲವರಿಗೆ ಬುದ್ಧಿವಂತರು ಅಂತ, ಕೆಲವರಿಗೆ ಚೆನ್ನಾಗಿ ಶ್ರಮಪಟ್ಟಿದ್ದೀರಿ ಅಂತ ಹೇಳಿದರು. ಆಮೇಲೆ ತುಂಬಾ ಕಷ್ಟದ್ದು ಕೊಟ್ಟರು, ಎಲ್ಲರೂ ಎಡವಿದರು. ಮತ್ತೆ ಮೊದಲಿನಷ್ಟೇ ಸುಲಭದ್ದು ಕೊಟ್ಟಾಗ ಶ್ರಮಕ್ಕೆ ಮೆಚ್ಚುಗೆ ಪಡೆದವರು ಮುಂಚಿಗಿಂತ ಚೆನ್ನಾಗಿ ಮಾಡಿದರು, ಬುದ್ಧಿವಂತರು ಅನ್ನಿಸಿಕೊಂಡವರು ಮುಂಚಿಗಿಂತ ಕೆಳಗಿಳಿದರು. ನನಗೆ ಆಶ್ಚರ್ಯ ಆಗಲಿಲ್ಲ. ಜಾಣ ಅನ್ನಿಸಿಕೊಂಡ ಮಗುವಿಗೆ ಒಂದು ಸಲ ಎಡವಿದರೂ ಆ ಹೆಸರೇ ಹೋದಂತೆ.

ಕೆಲವೊಮ್ಮೆ ಮಾತೇ ಬೇಡ, ಕಾದರೆ ಸಾಕು. ಪ್ರಶ್ನೆ ಕೇಳಿದ ಮೇಲೆ ಟೀಚರುಗಳು ಉತ್ತರಕ್ಕೆ ಕಾಯುವುದು ಹೆಚ್ಚು ಕಡಿಮೆ 1 ಸೆಕೆಂಡ್ ಅಂತ ಸಂಶೋಧಕಿ ಮೇರಿ ಬಡ್ ರೋ ಗಮನಿಸಿದ್ದರು. ಹಿಂದೆ ಬಿದ್ದ ಮಕ್ಕಳಿಗೆ ಇನ್ನೂ ಕಡಿಮೆ ಸಮಯ! 3 ಸೆಕೆಂಡ್ ಕಾದಾಗ ಬಾಯಿ ಬಿಡದ ಮಕ್ಕಳೂ ಮಾತಾಡಿದರು. ಆ ಮೌನ ನನಗೆ ಈಗಲೂ ಕಷ್ಟ, ಆದರೂ ಮನಸ್ಸಿನಲ್ಲೇ ಎಣಿಸುತ್ತೇನೆ.

ಒಂದು ಮಾತು. ಬೋರ್ಡ್ ಕಾಣದ ಮಗುವಿಗೆ ಕನ್ನಡಕ ಬೇಕು. ಡಿಸ್ಲೆಕ್ಸಿಯಾ, ಅಂದರೆ ಅಕ್ಷರ ಓದಿ ಬರೆಯುವುದೇ ಕಷ್ಟವಾಗುವ ತೊಂದರೆ, ಇದ್ದರೆ ಬೇರೆ ರೀತಿ ಕಲಿಸಬೇಕು. ಅಂಥ ಮಗುವಿಗೆ ಬರೀ ಹುರಿದುಂಬಿಸುತ್ತಾ ಕೂತರೆ ಅದು ಅನ್ಯಾಯ.

ಆ ಹುಡುಗ ವಾರ ಬಿಟ್ಟು ಪುಸ್ತಕ ತಂದ. ನಾಲ್ಕು ಸರಿ, ಒಂದು ತಪ್ಪು. ನಾನು ನೋಡುವ ಮೊದಲೇ ತಪ್ಪಾದದ್ದರ ಮೇಲೆ ಬೆರಳಿಟ್ಟ. 'ಟೀಚರ್, ಇದು ಆ ತಪ್ಪಲ್ಲ, ಬೇರೆ. ಪಕ್ಕದ ಮನೇಲಿ ಸೊನ್ನೆ ಇದ್ದರೆ ಕಡ ಯಾರ ಹತ್ರ ಕೇಳೋದು?'