ಸಂಕ್ರಮಣದ ದಿನ ಸಿಕ್ಕ ಹಳೇ ರಸ್ತೆ

ನೀರಿನ ದಂಡೆಯಲ್ಲಿ ಕಟ್ಟೋದು ನನ್ನ ಕಸುಬು. ಜೆಟ್ಟಿ, ಸ್ನಾನಘಟ್ಟ, ಕೆರೆಯ ಪಾವಟಿಗೆ, ದಂಡೆ ಮೇಲಿನ ಮನೆ. ಆರ್ಕಿಟೆಕ್ಚರ್ ಓದು ಮುಗಿಸಿ ಬಹಳ ವರ್ಷ ಮುಂಬೈಯಲ್ಲಿದ್ದೆ. ಹಾಯಿದೋಣಿ ನಡೆಸೋದನ್ನು ಕಲಿತದ್ದೂ ಅಲ್ಲೇ. ಬಾಗಲಕೋಟೆಗೆ ವಾಪಸ್ ಬರುವಾಗ ಮನೆ ಸಾಮಾನಿನ ಜೊತೆ ಎಂಟರ್‌ಪ್ರೈಸ್ ಅನ್ನೋ ಜಾತಿಯ ಒಂದು ಹಳೆಯ ಹಾಯಿದೋಣಿಯೂ ಬಂತು. 13 ಅಡಿ ಉದ್ದ, ಎರಡು ನೀಲಿ ಹಾಯಿ. "ನಮ್ಮ ಕಡೆ ಸಮುದ್ರ ಎಲ್ಲೈತ್ರಿ ಸರ?" ಅಂತ ಲಾರಿ ಡ್ರೈವರ್ ಕೇಳಿದ್ದ. ಆಲಮಟ್ಟಿ ತುಂಬಿದಾಗ ಅನಗವಾಡಿ ಸೇತುವೆ ಮೇಲೆ ನಿಂತು ನೋಡಿದವರು ಹಾಗೆ ಕೇಳೋದಿಲ್ಲ.

ಮುಂಬೈಯಲ್ಲಿ ನೀರು ದಿನಕ್ಕೆರಡು ಸಲ ಏರಿ ಇಳಿಯುತ್ತದೆ. ಅಮವಾಸ್ಯೆ, ಹುಣ್ಣಿಮೆ ಹತ್ತಿರ ಬಂದರೆ ಏರಿಳಿತ ಎಷ್ಟೋ ಸಲ 4 ಮೀಟರ್ ದಾಟುತ್ತದೆ. ಗೇಟ್‌ವೇ ಹತ್ತಿರ ದೋಣಿ ಹತ್ತುವವರಿಗೆ ಇದು ಗೊತ್ತು. ಬೆಳಿಗ್ಗೆ ಇಳಿದ ಮೆಟ್ಟಿಲು ಸಂಜೆ ನೀರಿನೊಳಗಿರುತ್ತದೆ. ನಮ್ಮ ಆಲಮಟ್ಟಿ ಆಣೆಕಟ್ಟಿನ ಹಿನ್ನೀರು ಹಾಗಲ್ಲ. ಅದು ವರ್ಷಕ್ಕೊಂದು ಸಲ ಏರುತ್ತದೆ, ವರ್ಷಕ್ಕೊಂದು ಸಲ ಇಳಿಯುತ್ತದೆ. ಮಳೆಗಾಲದಲ್ಲಿ ಸಮುದ್ರಮಟ್ಟದಿಂದ 519.6 ಮೀಟರ್ ಎತ್ತರ ಮುಟ್ಟಿ ನಿಲ್ಲುತ್ತದೆ. ಆಮೇಲೆ ಕಾಲುವೆಗೆ ನೀರು ಬಿಡುತ್ತಾ ಹೋದಂತೆ ಬೇಸಿಗೆ ಹೊತ್ತಿಗೆ 10 ಮೀಟರ್‌ಗೂ ಜಾಸ್ತಿ ಕೆಳಗೆ ಹೋಗುತ್ತದೆ. ಎರೆಹೊಲ ಸಪಾಟಾಗಿರುವುದರಿಂದ ನೀರು ಒಂದು ಮೀಟರ್ ಇಳಿದರೂ ದಂಡೆ ಎಷ್ಟೋ ದೂರ ಸರಿಯುತ್ತದೆ. ಬಿಟ್ಟುಹೋದ ಜಾಗದಲ್ಲಿ ಉಳಿಯೋದು ರಾಡಿ. ಮೊಣಕಾಲುದ್ದ ರಾಡಿ.

ಬೀಳಗಿ ತಾಲೂಕಿನ ಒಂದು ಪುನರ್ವಸತಿ ಊರಿನವರು ಸ್ನಾನಘಟ್ಟದ ನಕ್ಷೆ ಮಾಡಿಕೊಡಿ ಅಂತ ಕೇಳಿದ್ದರು. ಮುಳುಗಡೆ ಆದ ಊರುಗಳ ಬಗ್ಗೆ ನನಗೊಂದು ಸಂಕಟ ಇದೆ. ಬಾಗಲಕೋಟೆಯ ಮುಳುಗಡೆ ಜನರಿಗೆ ಕಟ್ಟಿದ ನವನಗರಕ್ಕೆ ಚಾರ್ಲ್ಸ್ ಕೊರಿಯಾ ಅಂಥ ದೊಡ್ಡ ಆರ್ಕಿಟೆಕ್ಟ್ ನಕ್ಷೆ ಹಾಕಿದರು. ಸಣ್ಣ ಊರುಗಳಿಗೆ ಸಿಕ್ಕಿದ್ದು ನೇರ ಗೆರೆಯ ಪ್ಲಾಟು, ಒಂದು ನೀರಿನ ಟಾಕಿ, ಒಂದು ಶಾಲೆ. ಹೊಳೆಗೆ ಹೋಗುವ ದಾರಿಯನ್ನು ಯಾರೂ ಹಾಕಿಕೊಡಲಿಲ್ಲ. ತಲೆಮಾರುಗಟ್ಟಲೆ ಹೊಳೆದಂಡೆಯಲ್ಲಿ ಬಾಳಿದ ಜನ ಅವರು. ದೇವರ ಪಲ್ಲಕ್ಕಿ ಹೊಳೆಗೆ ಹೋಗಬೇಕು, ಹಬ್ಬಕ್ಕೆ ಹೊಳೆ ಸ್ನಾನ ಆಗಬೇಕು. ನೀರು ಕಣ್ಣೆದುರಿಗೇ ಇದೆ. ಆದರೆ ಕಾಲಿಡೋಕೆ ಗಟ್ಟಿ ಜಾಗ ಇಲ್ಲ.

ಮಕರ ಸಂಕ್ರಮಣದ ದಿನ ಮನೆಮಂದಿಯೆಲ್ಲ ಅಲ್ಲಿಗೆ ಹೋದೆವು. ಟ್ರೇಲರ್ ಮೇಲೆ ದೋಣಿ, ಡಬ್ಬಿಯಲ್ಲಿ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಹೋಳಿಗೆ. ನಮ್ಮ ಮನೆಯಲ್ಲಿ ದೋಣಿ ಅಂದರೆ ಎಲ್ಲರದೂ. ಮಗಳು ಚುಕ್ಕಾಣಿ ಹಿಡಿಯುತ್ತಾಳೆ. ಮುಂದಿನ ಹಾಯಿ ನನ್ನ ಹೆಂಡತಿಯ ಕೈಯಲ್ಲಿ. ನಾನು ಹಾಳೆ, ಪೆನ್ಸಿಲ್ ಹಿಡಿದು ದಂಡೆ ನೋಡುತ್ತೇನೆ. ಲೈಫ್ ಜಾಕೆಟ್ ಹಾಕದೆ ಯಾರೂ ಹತ್ತುವಂತಿಲ್ಲ. ದಂಡೆಯಲ್ಲಿ ಕಟ್ಟುವವನು ದಂಡೆಯನ್ನು ಮೊದಲು ನೀರಿನ ಕಡೆಯಿಂದ ನೋಡಬೇಕು ಅನ್ನೋದು ನನ್ನ ಗಟ್ಟಿ ನಂಬಿಕೆ. ನೆಲದ ಮೇಲೆ ನಿಂತವನಿಗೆ ಬರೀ ನೀರು ಕಾಣುತ್ತದೆ. ನೀರಿನ ಮೇಲಿದ್ದವನಿಗೆ ನೆಲದ ಇಳಿಜಾರು, ಮಣ್ಣಿನ ಬಣ್ಣ, ತೆರೆ ಹೊಡೆದು ಕೊರೆದ ಜಾಗ ಎಲ್ಲಾ ಕಾಣುತ್ತವೆ.

ಅವ್ವ ಆ ದಿನ ದೋಣಿ ಹತ್ತಲಿಲ್ಲ. "ಮೊದಲ ಹೊಳೀ ಜಳಕಾ ಆಗ್ಲಿ, ಆಮ್ಯಾಲೆ ನಿಮ್ಮ ದೋಣಿ" ಅಂದಳು. ಜನ ಹೊಲದ ಗಾಡಿದಾರಿಯಲ್ಲಿ ಇಳಿದು ದಂಡೆ ಸೇರಿದ್ದರು. ಜನವರಿ ಆದ್ದರಿಂದ ನೀರು ಆಗಲೇ ಹಿಂದೆ ಸರಿಯತೊಡಗಿತ್ತು. ಹುಡುಗರು ರಾಡಿ ತುಳಿದುಕೊಂಡು ಒಳಗೆ ಹೋದರು. ವಯಸ್ಸಾದ ಹೆಣ್ಣುಮಕ್ಕಳು ದಂಡೆಯಲ್ಲೇ ಕೂತು ತಂಬಿಗೆಯಲ್ಲಿ ನೀರು ತರಿಸಿ ತಲೆಗೆ ಹಾಕಿಕೊಳ್ಳುತ್ತಿದ್ದರು. ಅವ್ವನೂ ಅವರ ಸಾಲಿಗೆ ಹೋಗಿ ಕೂತಳು. ಕೂಗಳತೆಯಲ್ಲಿ ಕೃಷ್ಣೆ. ಆದರೂ ತಂಬಿಗೆ ನೀರು. ನೋಡಿ ಹೊಟ್ಟೆಯಲ್ಲಿ ಕಲಸಿದಂತಾಯಿತು.

ನಾವು ದೋಣಿ ಬಿಟ್ಟೆವು. ಗಾಳಿ ಮೂಡಣದಿಂದ ಬೀಸುತ್ತಿತ್ತು. ಚಳಿಗಾಲದಲ್ಲಿ ಇಲ್ಲಿ ಬಹಳ ಸಲ ಹಾಗೆಯೇ. ಹಾಯಿದೋಣಿ ಗಾಳಿಗೆ ಎದುರಾಗಿ ನೇರ ಹೋಗೋದಿಲ್ಲ. ಒಂದು ಸಲ ಎಡಕ್ಕೆ ಓರೆ, ಒಂದು ಸಲ ಬಲಕ್ಕೆ ಓರೆ, ಹೀಗೆ ಹೆಣೆದುಕೊಂಡು ಹೋಗಬೇಕು. ಮೋಟಾರ್ ದೋಣಿಯಾಗಿದ್ದರೆ ನಡುಹೊಳೆಯಲ್ಲಿ ಸೀದಾ ಹೋಗಿಬಿಡುತ್ತಿದ್ದೆವು. ಓರೆ ಹೋಗಬೇಕಾದ್ದರಿಂದಲೇ ಮತ್ತೆ ಮತ್ತೆ ದಂಡೆಯ ಹತ್ತಿರ ಬಂದೆವು. ಅಂಥ ಒಂದು ತಿರುವಿನಲ್ಲಿ, ಬಳ್ಳಾರಿ ಜಾಲಿಯ ಪೊದೆ ದಾಟಿದ ಮೇಲೆ ಮಗಳು ಕೂಗಿದಳು. "ಪಪ್ಪಾ, ಅಲ್ಲಿ ನೋಡ್ರಿ! ರೋಡ್ ನೀರಾಗ ಹೋಗೇತಿ!"

ನಿಜ. ಡಾಂಬರು ಕಿತ್ತುಹೋದ ಒಂದು ಹಳೇ ರಸ್ತೆ ಜಾಲಿಯೊಳಗಿಂದ ಬಂದು, ನಿಧಾನ ಇಳಿಯುತ್ತಾ ನೀರಿನೊಳಗೆ ಹೋಗಿತ್ತು. ಎರಡೂ ಕಡೆ ಅಂಚಿನ ಕಲ್ಲು ಇನ್ನೂ ಇದ್ದವು. ದೋಣಿಯ ನಡುವಿನ ಹಲಗೆ ಮೇಲೆತ್ತಿ, ಹಾಯಿ ಸಡಿಲಿಸಿ ಹತ್ತಿರ ಹೋದೆವು. ಹುಟ್ಟಿನಿಂದ ತಳ ಚುಚ್ಚಿ ನೋಡಿದೆ. ರಸ್ತೆಯ ಪಕ್ಕದಲ್ಲಿ ಹುಟ್ಟು ಮಣ್ಣಿನೊಳಗೆ ಇಳಿದು ಸಿಕ್ಕಿಕೊಂಡಿತು. ರಸ್ತೆಯ ಮೇಲೆ ಟಕ್ ಅಂತ ಕಲ್ಲಿಗೆ ಬಡಿಯಿತು. ಮುಂದೆ ಆಳಕ್ಕೆ ಹೋದರೂ ಅದೇ ಸದ್ದು.

ವಾಪಸ್ ಬಂದು ಊರ ಹಿರಿಯರಿಗೆ ಹೇಳಿದೆ. ಒಬ್ಬ ಮುತ್ಯಾ ಎದ್ದು ನಿಂತೇಬಿಟ್ಟರು. "ಅದು ನಮ್ಮೂರ ರಸ್ತಾನ ಐತ್ರಿ ಸಾಹೇಬ್ರ. ಅದನ್ನ ಹಿಡದು ಹೋದ್ರ ಹನಮಪ್ಪನ ಗುಡಿ, ಆಮ್ಯಾಲೆ ನಮ್ಮ ಓಣಿ. ಬಸ್ಸು ಅಲ್ಲೇ ಬರ್ತಿತ್ತು." ಊರು ಬಿಟ್ಟ ಮೇಲೆ ಆ ದಾರಿ ಯಾರಿಗೂ ಬೇಕಾಗಲಿಲ್ಲ. ಜಾಲಿ ಬೆಳೆದು ಮುಚ್ಚಿತು.

ಹುಡುಗರು ಕೊಡಲಿ ತಂದು ಆಳು ಹೋಗುವಷ್ಟು ದಾರಿ ಬಿಡಿಸಿದರು. ಅವ್ವ ಮೊಮ್ಮಗಳ ಕೈ ಹಿಡಿದು ಆ ರಸ್ತೆಯಲ್ಲಿ ನಡೆದು ನೀರಿಗಿಳಿದಳು. ಕಾಲು ಹೂತುಹೋಗಲಿಲ್ಲ, ಜಾರಲಿಲ್ಲ. ಮೂರು ಸಲ ಮುಳುಗು ಹಾಕಿದಳು. ಅವಳ ಹಿಂದೆ ಆ ಸಾಲಿನ ಮುದುಕಿಯರೆಲ್ಲ ಬಂದರು.

ನನ್ನ ಮಟ್ಟಿಗೆ ಘಟ್ಟದ ನಕ್ಷೆ ಅಲ್ಲೇ ಮುಗಿದಂತಾಯಿತು. ಎರೆಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಅದರ ಮೇಲೆ ಕಾಂಕ್ರೀಟಿನ ಮೆಟ್ಟಿಲು ಕೂರಿಸಿದರೆ ಒಂದೆರಡು ವರ್ಷಕ್ಕೆ ಸೀಳು ಬಿಡುತ್ತದೆ. ಗಟ್ಟಿ ಪಾಯ ಹಾಕಿ ಕಟ್ಟಿದರೂ, ಅರ್ಧ ಅಡಿಯ ಮೆಟ್ಟಿಲಿನಲ್ಲಿ 10 ಮೀಟರ್ ಇಳಿಯೋಕೆ 66 ಮೆಟ್ಟಿಲು ಬೇಕು. ಮಂಡಿನೋವಿನ ಹೆಣ್ಣುಮಗಳು ಅಷ್ಟು ಇಳಿದು ಒದ್ದೆ ಸೀರೆಯಲ್ಲಿ ಹತ್ತಬೇಕು. ಹಳೇ ರಸ್ತೆಗೆ ಆ ತೊಂದರೆ ಇಲ್ಲ. ಎಷ್ಟೋ ವರ್ಷ ಚಕ್ಕಡಿ, ಬಸ್ಸು ಓಡಾಡಿ ಅದರ ಕಲ್ಲು, ಗರಸು ಕೂತುಬಿಟ್ಟಿವೆ. ನೀರು ಎಲ್ಲಿಗೆ ಇಳಿದರೂ ಅದರ ಜೊತೆಗೇ ರಸ್ತೆ ಇಳಿಯುತ್ತದೆ. ಆಣೆಕಟ್ಟಿನ ನೀರಿನ ಮಟ್ಟ ಮುಂದೆ 524.256 ಮೀಟರ್‌ಗೆ ಏರಿದರೂ, ಅದೇ ರಸ್ತೆಯ ಮೇಲಿನ ಭಾಗ ಘಟ್ಟವಾಗುತ್ತದೆ. ನಾನು ಮಾಡಬೇಕಾದ್ದು ಸ್ವಲ್ಪವೇ. ಮೇಲೆ ಸಿಮೆಂಟು ಹಾಕದೆ ಪರಸಿ ಕಲ್ಲು ಹಾಸಬೇಕು. ಅಲ್ಲಲ್ಲಿ ಕೂರೋಕೆ, ಸೀರೆ ಬದಲಿಸೋಕೆ ಮರೆ ಇರುವ ಕಟ್ಟೆ ಮಾಡಬೇಕು. ಪಲ್ಲಕ್ಕಿ ತಿರುಗಿಸುವಷ್ಟು ಅಗಲ ಇರಬೇಕು. ಹಿಡಿದುಕೊಳ್ಳೋಕೆ ಒಂದು ಕಡೆ ಸರಪಳಿ ಕಟ್ಟಬೇಕು.

ಊಟದ ಹೊತ್ತಿಗೆ ದೋಣಿಯ ಹಾಯಿಯನ್ನೇ ನೆಲಕ್ಕೆ ಹಾಸಿ ಎಲ್ಲರೂ ಕೂತೆವು. ಅದರ ಮೇಲೇ ಹಾಳೆ ಬಿಡಿಸಿ ಗೆರೆ ಎಳೆದು ತೋರಿಸಿದೆ. ಮುತ್ಯಾ ಬಹಳ ಹೊತ್ತು ನೋಡಿದರು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ. "ಮಳಿಗಾಲದಾಗ ಗೋಡು ಬಂದು ಕುಂದ್ರತೈತಲ್ರಿ, ಅದನ್ನ ಯಾರ ತಗೀಬೇಕು?" ಇಂಥ ಪ್ರಶ್ನೆಯನ್ನು ದೊಡ್ಡ ಆಫೀಸಿನ ಮೀಟಿಂಗಿನಲ್ಲೂ ನಾನು ಕೇಳಿರಲಿಲ್ಲ. ಕಟ್ಟೋದಕ್ಕಿಂತ ಗೋಡು, ಅಂದರೆ ಹೂಳು, ತೆಗೆಯೋದೇ ದೊಡ್ಡ ಕೆಲಸ. ಓಣಿಗೊಂದು ಪಾಳಿ ಮಾಡೋಣ, ಪಲ್ಲಕ್ಕಿ ಹೊರಡುವ ಮುಂಚೆ ಆ ಪಾಳಿಯವರು ಗೋಡು ತೆಗೀಬೇಕು ಅಂತ ಅವರವರೇ ಮಾತಾಡಿಕೊಂಡರು.

ಜಮೀನು ಮುಳುಗಡೆಗೆ ಹೋದದ್ದರಿಂದ ಅನುಮತಿ ಬೇಕು. ಅರ್ಜಿ ಕೊಟ್ಟಿದ್ದೇವೆ. ಮೇ ತಿಂಗಳಲ್ಲಿ ನೀರು ತಳ ಹಿಡಿದಾಗ ರಸ್ತೆಯ ಕೊನೆಯ ತನಕ ನಡೆದು ಅಳತೆ ತೆಗೆಯಬೇಕು. ಟೇಪಿನ ಇನ್ನೊಂದು ತುದಿ ಹಿಡಿಯೋಕೆ ಮಗಳು ಬರುತ್ತಾಳೆ. ಹನಮಪ್ಪನ ಗುಡಿ ಎಲ್ಲಿತ್ತು ಅಂತ ತೋರಿಸೋಕೆ ಮುತ್ಯಾ ಕೂಡ ಬರುತ್ತೇನೆ ಅಂದಿದ್ದಾರೆ.