ಹಿಂಡಿ ಒಲೆಗೋ, ಹೊಲಕ್ಕೋ?

ಚನ್ನರಾಯಪಟ್ಟಣದ ಕಡೆಯ ಆಲೆಮನೆಗಳಲ್ಲಿ ನನಗೆ ಬೆಲ್ಲಕ್ಕಿಂತ ಇಷ್ಟವಾಗುವುದು ಒಲೆ. ಗಾಣದಿಂದ ಬಿದ್ದ ಕಬ್ಬಿನ ಸಿಪ್ಪೆಯಲ್ಲಿ ಅರ್ಧದಷ್ಟು ನೀರೇ ಇರುತ್ತದೆ. ಹಸಿಯಾಗಿ ತುರುಕಿದರೆ ಬೆಂಕಿಯ ಬಲದಲ್ಲಿ ಒಂದು ಪಾಲು ಆ ನೀರನ್ನು ಆವಿ ಮಾಡುವುದಕ್ಕೇ ಹೋಗುತ್ತದೆ, ಹೊಗೆ ಮಾತ್ರ ಊರಿಗೆಲ್ಲ. ಅದಕ್ಕೇ ಅಂಗಳದ ತುಂಬ ಹರಡಿ ಒಣಗಿಸುತ್ತಾರೆ. ಒಣಗಿದ ಸಿಪ್ಪೆ ಭಗ್ಗನೆ ಉರಿಯುತ್ತದೆ, ಅಷ್ಟೇ ಬೇಗ ತೀರುತ್ತದೆ. ಒಲೆಯ ಬಾಯಲ್ಲಿ ಕುಳಿತವರಿಗೆ ಬಿಡುವೇ ಇಲ್ಲ. ಸಿಪ್ಪೆ ಒಣಗದ ಮಳೆಗಾಲದಲ್ಲಿ ಕೆಲವರು ಹಳೆಯ ಟೈರು ಹಾಕುವುದುಂಟು. ಅಂಥ ಬೆಲ್ಲವನ್ನು ನಾನು ಕೊಳ್ಳುವುದಿಲ್ಲ, ಎಷ್ಟೇ ಹೊಂಬಣ್ಣವಿರಲಿ.

ಮೊನ್ನೆ ಹಾಸನದಲ್ಲಿ ಸ್ನೇಹಿತರೊಬ್ಬರು ಕೇಳಿದರು: ‘ಹಾಗಾದರೆ ಹೊಂಗೆ ಹಿಂಡಿಯನ್ನೂ ಉರಿಸಬಹುದಲ್ಲವೇ?’ ಹೊಂಗೆ ಬೀಜದಿಂದ ಎಣ್ಣೆ ತೆಗೆದ ಮೇಲೆ ಉಳಿಯುವ ಈ ಹಿಂಡಿ ಉರಿಯುತ್ತದೆ, ಚೆನ್ನಾಗಿಯೇ ಉರಿಯುತ್ತದೆ. ಎಣ್ಣೆ ಗಾಣದ ಹಿಂಡಿಯಲ್ಲಂತೂ ಎಣ್ಣೆ ಸಾಕಷ್ಟು ಉಳಿದಿರುತ್ತದೆ. ಆದರೆ ಅದರಲ್ಲಿ ಬೆಳೆಗೆ ಬೇಕಾದ ಸಾರಜನಕ ಶೇಕಡಾ 4ರ ಆಸುಪಾಸು ಇದೆ. ಒಲೆಗೆ ಹಾಕಿದರೆ ಅದು ಹೊಗೆಯೊಂದಿಗೆ ಹೋಗುತ್ತದೆ. ಬೂದಿಯಲ್ಲಿ ಪೊಟ್ಯಾಷ್, ರಂಜಕ ಉಳಿದರೆ ಅದೇ ಪುಣ್ಯ. ಕಬ್ಬಿನ ಸಿಪ್ಪೆಯಲ್ಲಿ ಕಳೆದುಕೊಳ್ಳಲು ಅಷ್ಟು ಸಾರಜನಕವೇ ಇಲ್ಲ. ಹಿಂಡಿ ತೆಂಗಿನ ಬುಡಕ್ಕೆ ಹೋಗಲಿ ಎಂದೆ. ಅವರು ಒಪ್ಪಲಿಲ್ಲ, ಸೌದೆಯ ಬೆಲೆ ಹೇಳಿದರು.