ಪ್ರೊಸೆಸರ್ ಸುಟ್ಟಿಲ್ಲ, ಮೊದಲು ರ‍್ಯಾಮ್ ನೋಡು

ಶನಿವಾರ ರಾತ್ರಿ ಹನ್ನೊಂದಕ್ಕೆ ಗದಗಿನಿಂದ ಕಾಕಾನ ಮಗ ಫೋನ್ ಮಾಡಿದ. "ಅಣ್ಣಾ, ಪ್ರೊಸೆಸರ್ ಸುಟ್ಟೈತಿ ಅನ್ನಸ್ತೈತಿ. ಹತ್ತ ನಿಮಿಷಕ್ಕೊಮ್ಮೆ ನೀಲಿ ಪರದೆ ಬರಾಕತ್ತೈತಿ." ದನಿ ಕೇಳಿದರೇ ಗೊತ್ತಾಗುತ್ತಿತ್ತು, ಹುಡುಗ ಗಾಬರಿಯಾಗಿದ್ದ. ಒಂದು ವರ್ಷ ದುಡ್ಡು ಕೂಡಿಸಿ ಕಟ್ಟಿದ ಪಿಸಿ ಅದು. ಎಎಮ್‌ಡಿಯ ರೈಜನ್ 5 3600 ಪ್ರೊಸೆಸರ್, ಬಿ450 ಮದರ್‌ಬೋರ್ಡ್, ದೊಡ್ಡ ಟವರ್ ಕೂಲರ್.

ಏನೇನು ಬದಲಾಯಿಸಿದೆ ಅಂತ ಕೇಳಿದೆ. ಪ್ರೊಸೆಸರನ್ನು ಓವರ್‌ಕ್ಲಾಕ್ ಮಾಡಿ, ಅಂದರೆ ಅದರ ವೇಗವನ್ನು ಕೈಯಾರೆ ಹೆಚ್ಚಿಸಿ, 4.2 ಗಿಗಾಹರ್ಟ್ಜ್‌ಗೆ ಏರಿಸಿದ್ದಾನೆ, 1.3 ವೋಲ್ಟ್ ಕೊಟ್ಟಿದ್ದಾನೆ. ಅದೇ ದಿನ ಹೊಸದಾಗಿ ತಂದ ಇನ್ನೊಂದು 8 ಜಿಬಿ ರ‍್ಯಾಮ್ ಹಾಕಿದ್ದಾನೆ. ಅದೇ ದಿನ ರ‍್ಯಾಮನ್ನು 3600ರ ವೇಗಕ್ಕೂ (ಸೆಕೆಂಡಿಗೆ 3600 ಮಿಲಿಯನ್ ಸಲ ಡೇಟಾ ಸಾಗಣೆ) ಇಟ್ಟಿದ್ದಾನೆ. ಮೂರೂ ಒಟ್ಟಿಗೆ! ಮೂರರಲ್ಲಿ ಯಾವುದು ಕೈಕೊಟ್ಟಿತು ಅಂತ ಈಗ ಹೇಗೆ ಗೊತ್ತಾಗಬೇಕು ಹೇಳಿ.

ಮರುದಿನ ಬೆಳಿಗ್ಗೆ ಧಾರವಾಡದಿಂದ ಬಸ್ ಹತ್ತಿದೆ. ಫೋನಿನಲ್ಲೇ ಹೇಳಬಹುದಿತ್ತು, ಆದರೆ ಇದೇ ಗೊಂದಲದಲ್ಲಿ ನಾನು ಹಿಂದೆ ಎರಡು ತಿಂಗಳು ಕಳೆದಿದ್ದೇನೆ. ಅವನಿಗೆ ಹಾಗಾಗಬಾರದು ಅನ್ನಿಸಿತು.

2008ರ ಮಾತು. ಹುಬ್ಬಳ್ಳಿ ವಿದ್ಯಾನಗರದಲ್ಲಿ ರೂಮ್ ಮಾಡಿಕೊಂಡಿದ್ದೆ. ನನ್ನ ಹತ್ತಿರ ಇಂಟೆಲ್ ಪೆಂಟಿಯಮ್ ಡ್ಯುಯಲ್ ಕೋರ್ ಇ2160 ಇತ್ತು. ಬಸ್ಸು ಅಂದರೆ ಇಲ್ಲಿ ಪ್ರೊಸೆಸರನ್ನು ಬೋರ್ಡಿಗೆ ಜೋಡಿಸುವ ದಾರಿ. ಅದರ ಬಡಿತ 200 ಮೆಗಾಹರ್ಟ್ಜ್, ಅದನ್ನು 9ರ ಮಲ್ಟಿಪ್ಲೈಯರಿನಿಂದ ಗುಣಿಸಿದರೆ 1.8 ಗಿಗಾಹರ್ಟ್ಜ್. ಮಲ್ಟಿಪ್ಲೈಯರ್ ಮೇಲಕ್ಕೆ ಏರದ ಹಾಗೆ ಲಾಕ್ ಆಗಿತ್ತು, ಬಸ್ಸನ್ನು ಮಾತ್ರ ಏರಿಸಬಹುದು. 266ಕ್ಕೆ ಏರಿಸಿದರೆ 2.4 ಗಿಗಾಹರ್ಟ್ಜ್ ಆಗಬೇಕು. ನನ್ನದು ವಿಂಡೋಸ್ ಲೋಗೋ ತನಕ ಬಂದು ನಿಂತುಬಿಡುತ್ತಿತ್ತು. ವೋಲ್ಟೇಜ್ ಕೊಟ್ಟೆ, ಕೂಲರ್ ಬದಲಿಸಿದೆ, ಪೇಸ್ಟ್ ಹಚ್ಚಿದೆ. ಎರಡು ತಿಂಗಳು ನನ್ನ ಪಾಲಿಗೆ ಬಂದ ಚಿಪ್ಪೇ ಸರಿ ಇಲ್ಲ ಅಂತ ನಂಬಿದ್ದೆ. ತೊಂದರೆ ಬೇರೆ ಕಡೆ ಇತ್ತು. ರ‍್ಯಾಮ್ ಡಿಡಿಆರ್2-667, ಬಯಾಸಿನಲ್ಲಿ (ಬೋರ್ಡಿನ ಮೂಲ ಸೆಟ್ಟಿಂಗ್‌ಗಳಿರುವ ಜಾಗ) ಅದು ಬಸ್ಸಿನ ಜೊತೆ 3:5 ಅನುಪಾತದಲ್ಲಿ ಕಟ್ಟಿಕೊಂಡಿತ್ತು. ಬಸ್ಸು 200 ಇದ್ದಾಗ ಅದು 333ರಲ್ಲಿ ಓಡುತ್ತದೆ, ಒಂದು ಬಡಿತಕ್ಕೆ ಎರಡು ಸಲ ಡೇಟಾ ಕಳಿಸುವುದರಿಂದ ಸರಿಯಾಗಿ 667. ನಾನು ಬಸ್ಸನ್ನು 266 ಮಾಡಿದ ಕೂಡಲೇ ರ‍್ಯಾಮ್ ಹೆಚ್ಚುಕಡಿಮೆ 888ಕ್ಕೆ ಹೋಗುತ್ತಿತ್ತು. ಪಾಪ, 667ರ ರ‍್ಯಾಮ್ ಅದು, ಹೇಗೆ ತಡೆದುಕೊಂಡೀತು? ಅನುಪಾತವನ್ನು 1:1 ಮಾಡಿದ ದಿನ 2.4 ಬಂತು. ಅದೇ ವಾರ ಬಸ್ಸು 333, ಪ್ರೊಸೆಸರ್ 3 ಗಿಗಾಹರ್ಟ್ಜ್, ರ‍್ಯಾಮ್ ತನ್ನ 667ರಲ್ಲೇ ಆರಾಮ. ಆ ಸಂಜೆ ಖುಷಿಗೆ ರೂಮಿನವರಿಗೆಲ್ಲ ಗಿರ್ಮಿಟ್ ಕೊಡಿಸಿದ್ದೆ.

ಈಗ ಬಸ್ಸಿನ ಕಾಲ ಮುಗಿದಿದೆ, ಪ್ರೊಸೆಸರ್ ವೇಗ ಮಲ್ಟಿಪ್ಲೈಯರಿನಿಂದ ಏರುತ್ತದೆ, ರ‍್ಯಾಮಿನ ವೇಗವನ್ನು ಬೇರೆಯಾಗಿಯೇ ಇಡುತ್ತೇವೆ. ಅದಕ್ಕೇ ಜನ ಎರಡಕ್ಕೂ ಸಂಬಂಧ ಇಲ್ಲ ಅಂದುಕೊಳ್ಳುತ್ತಾರೆ. ಸಂಬಂಧ ಈಗ ಇನ್ನೂ ಜಾಸ್ತಿ. ಮೊದಲು ರ‍್ಯಾಮನ್ನು ನಡೆಸುವ ಮೆಮೊರಿ ಕಂಟ್ರೋಲರ್ ಮದರ್‌ಬೋರ್ಡಿನ ಚಿಪ್‌ಸೆಟ್‌ನಲ್ಲಿರುತ್ತಿತ್ತು. ಎಎಮ್‌ಡಿ 2003ರಲ್ಲಿ ಅಥ್ಲಾನ್ 64 ಜೊತೆ, ಇಂಟೆಲ್ 2008ರಲ್ಲಿ ಮೊದಲ ಕೋರ್ ಐ7 ಜೊತೆ ಅದನ್ನು ಪ್ರೊಸೆಸರ್ ಒಳಗೇ ತಂದವು. ಹಾಗಾಗಿ ರ‍್ಯಾಮ್ ಏರಿಸಿದರೆ ಪ್ರೊಸೆಸರಿನ ಒಂದು ಭಾಗವನ್ನೂ ಏರಿಸಿದ ಹಾಗೇ. ರೈಜನ್‌ನಲ್ಲಂತೂ ಒಳಗಿನ ಇನ್ಫಿನಿಟಿ ಫ್ಯಾಬ್ರಿಕ್ (ಪ್ರೊಸೆಸರಿನ ಭಾಗಗಳನ್ನು ಜೋಡಿಸುವ ಒಳದಾರಿ) ಕೂಡ ರ‍್ಯಾಮಿನ ಜೊತೆ ಹೆಜ್ಜೆ ಹಾಕುತ್ತದೆ. ರ‍್ಯಾಮ್ 3600 ಅಂದರೆ ಫ್ಯಾಬ್ರಿಕ್ 1800. 3000 ಸರಣಿಯ ಹೆಚ್ಚಿನ ಚಿಪ್‌ಗಳಿಗೆ ಅದು ಮೇಲಿನ ಅಂಚು.

ಮುಳಗುಂದ ನಾಕಾದ ಹತ್ತಿರ ಅವರ ಮನೆ. ಹೋದ ಕೂಡಲೇ ಕೇಸ್ ಬಿಚ್ಚಿದೆವು. ನೋಡಿದರೆ ಎರಡೂ ರ‍್ಯಾಮ್ ಪ್ರೊಸೆಸರ್ ಪಕ್ಕದ ಒಂದನೇ ಮತ್ತು ಎರಡನೇ ಸ್ಲಾಟಿನಲ್ಲಿ ಕೂತಿವೆ. ನಾಲ್ಕು ಸ್ಲಾಟ್ ಇರುವ ಸಾಮಾನ್ಯ ಬೋರ್ಡುಗಳಲ್ಲಿ ಆ ಎರಡೂ ಒಂದೇ ಚಾನೆಲ್, ಅಂದರೆ ಪ್ರೊಸೆಸರಿಗೆ ಡೇಟಾ ಹೋಗುವ ಒಂದೇ ದಾರಿ. ಎರಡು ರ‍್ಯಾಮ್ ಇದ್ದರೆ ಎರಡನೇದರಲ್ಲಿ ಒಂದು, ನಾಲ್ಕನೇದರಲ್ಲಿ ಒಂದು ಹಾಕಬೇಕು. ಇದನ್ನು ಬೋರ್ಡಿನ ಪುಸ್ತಕದಲ್ಲಿ ಚಿತ್ರ ಹಾಕಿ ತೋರಿಸಿರುತ್ತಾರೆ, ಪುಸ್ತಕ ಮಾತ್ರ ಡಬ್ಬಿಯಲ್ಲೇ ಇರುತ್ತದೆ.

ಇಲ್ಲಿ ಸ್ವಲ್ಪ ಲೆಕ್ಕ ಮಾಡಿ ನೋಡಿ. ಒಂದು ಚಾನೆಲ್ ಅಂದರೆ 64 ಬಿಟ್, ಅಂದರೆ ಒಂದು ಸಲಕ್ಕೆ 8 ಬೈಟ್. 3600ರಲ್ಲಿ ಒಂದೇ ಚಾನೆಲ್ ಓಡಿದರೆ ಸೆಕೆಂಡಿಗೆ 28.8 ಜಿಬಿ. 2933ರಲ್ಲಿ ಎರಡು ಚಾನೆಲ್ ಓಡಿದರೆ ಸುಮಾರು 46.9 ಜಿಬಿ. ಪರದೆಯ ಮೇಲೆ 3600 ಅಂತ ಕಂಡು ಅವನು ಖುಷಿಪಟ್ಟಿದ್ದ, ಆದರೆ ಒಳಗೆ ದಾರಿ ಅರ್ಧಕ್ಕರ್ಧ ಮುಚ್ಚಿತ್ತು.

ಸರಿ, ಮೊದಲು ಬಯಾಸಿನಲ್ಲಿ ಪ್ರೊಸೆಸರನ್ನು ಕಂಪನಿ ಕೊಟ್ಟ ಸ್ಥಿತಿಗೆ ತಂದೆವು. ರ‍್ಯಾಮನ್ನು 3600ರಲ್ಲೇ ಬಿಟ್ಟು ಪೆನ್‌ಡ್ರೈವ್‌ನಿಂದ ಮೆಮ್‌ಟೆಸ್ಟ್86 ಎಂಬ ಮೆಮೊರಿ ಪರೀಕ್ಷೆಯ ಪ್ರೋಗ್ರಾಂ ಓಡಿಸಿದೆವು. ಐದು ನಿಮಿಷ ಕೂಡ ಆಗಿರಲಿಲ್ಲ, ಕೆಂಪು ಸಾಲುಗಳು ಬಂದವು. ಅವನನ್ನು ಹತ್ತಿರ ಕರೆದು ಒಂದು ಸಾಲು ಓದಿಸಿದೆ. ಬರಬೇಕಾದದ್ದು ಎಂಟು ಎಫ್. ಬಂದದ್ದರಲ್ಲಿ ಏಳನೇ ಅಕ್ಷರ ಎಫ್ ಬದಲು ಇ. ಇಲ್ಲಿ ಒಂದೊಂದು ಅಕ್ಷರವೂ ನಾಲ್ಕು ಬಿಟ್: ಎಫ್ ಅಂದರೆ ನಾಲ್ಕು ಒಂದುಗಳು, ಇ ಅಂದರೆ ಮೂರು ಒಂದು, ಕೊನೆಗೊಂದು ಸೊನ್ನೆ. ಅಷ್ಟೇ ವ್ಯತ್ಯಾಸ, 32 ಬಿಟ್‌ಗಳಲ್ಲಿ ಒಂದು ಬಿಟ್ ಬಿದ್ದಿದೆ. ಆ ಒಂದು ಬಿಟ್ ವಿಂಡೋಸಿನ ಮುಖ್ಯ ಜಾಗದಲ್ಲಿ ಬಿದ್ದರೆ ನೀಲಿ ಪರದೆ. ಅದು ಪುಣ್ಯ, ಕಣ್ಣಿಗೆ ಕಾಣುತ್ತದೆ. ಅದೇ ಬಿಟ್ ನೀವು ಕಾಪಿ ಮಾಡುತ್ತಿರುವ ಫೋಟೋದಲ್ಲಿ ಬಿದ್ದರೆ ಯಾರೂ ಏನೂ ಹೇಳುವುದಿಲ್ಲ, ಕೆಟ್ಟ ಫೋಟೋ ಹಾಗೇ ಸುಮ್ನೆ ಡಿಸ್ಕಿನಲ್ಲಿ ಕೂರುತ್ತದೆ. ನನಗೆ ನಿಜವಾಗಿ ಹೆದರಿಕೆ ಇರುವುದು ಇದಕ್ಕೇ.

"ಹಂಗಾರ ಪ್ರೊಸೆಸರ್ ತಪ್ಪಿಲ್ಲೇನು?" ಅಂದ. ಅದನ್ನಿನ್ನೂ ಏರಿಸಿಯೇ ಇಲ್ಲವಲ್ಲ ತಮ್ಮಾ ಅಂದೆ.

ರ‍್ಯಾಮ್ ತೆಗೆದು ಹಿಡಿದು ನೋಡಿದೆ. ಹಳೆಯದು 3200, ಸಿಎಲ್16 (ಸಿಎಲ್ ಅಂದರೆ ಮೊದಲ ಉತ್ತರಕ್ಕೆ ಕಾಯುವ ಬಡಿತಗಳ ಎಣಿಕೆ). ಹೊಸದಾಗಿ ತಂದದ್ದು ಯಾರೋ ಬಳಸಿ ಮಾರಿದ 2666. ಅದರ ಚಿನ್ನದ ಬಣ್ಣದ ಕಾಲುಗಳ ಮೇಲೆ ಮಂಕು ಕಲೆ ಇತ್ತು. ಶಾಲೆಯ ರಬ್ಬರ್ ತಗೊಂಡು ಉದ್ದಕ್ಕೆ ಮೆಲ್ಲಗೆ ಉಜ್ಜಿ, ಪುಡಿಯನ್ನು ಬ್ರಷ್‌ನಿಂದ ತೆಗೆದು, ಎರಡನೇ ಮತ್ತು ನಾಲ್ಕನೇ ಸ್ಲಾಟಿಗೆ ಒತ್ತಿದೆವು. ಟಕ್ ಅಂತ ಲಾಕ್ ಬೀಳುವ ತನಕ ಒತ್ತಬೇಕು, ಅರ್ಧ ಕೂತಿದ್ದರೂ ಎಷ್ಟೋ ಸಲ ಇಂಥದೇ ಕಾಟ.

ಆಮೇಲೆ ಒಂದೊಂದನ್ನೇ ಹಾಕಿ 3200ರಲ್ಲಿ ನೋಡಿದೆವು. ಹಳೆಯದು ತನ್ನ ಎಕ್ಸ್‌ಎಮ್‌ಪಿ ಪ್ರೊಫೈಲಿನಲ್ಲಿ (ಕಂಪನಿ ಅದರಲ್ಲೇ ಬರೆದಿಟ್ಟ ವೇಗದ ಸೆಟ್ಟಿಂಗ್), 1.35 ವೋಲ್ಟಿನಲ್ಲಿ, ಒಂದೂ ತಪ್ಪಿಲ್ಲದೆ ಓಡಿತು. ಅಂದಹಾಗೆ ಈ ಪ್ರೊಫೈಲ್ ಆನ್ ಮಾಡದೆ ಬಿಟ್ಟರೆ 3200 ಅಂತ ದುಡ್ಡು ಕೊಟ್ಟು ತಂದ ಎಷ್ಟೋ ರ‍್ಯಾಮ್ 2133ರಲ್ಲೋ 2400ರಲ್ಲೋ ಓಡುತ್ತಿರುತ್ತದೆ, ನಿಮ್ಮದನ್ನೂ ಒಮ್ಮೆ ನೋಡಿಕೊಳ್ಳಿ. ಬಳಸಿದ ರ‍್ಯಾಮ್ 3200ರಲ್ಲಿ ತಪ್ಪು ಕೊಟ್ಟಿತು. ಅದನ್ನು 2666 ಅಂತಲೇ ಮಾಡಿದ್ದು, ಬೈಯುವ ಹಾಗಿಲ್ಲ. ಎರಡನ್ನೂ ಕೂಡಿಸಿ 2933, ಸಿಎಲ್18ಕ್ಕೆ ಇಳಿಸಿದೆವು. ಮೂರನೇ ಸುತ್ತಿನಲ್ಲಿ ಕರೆಂಟ್ ಹೋಯಿತು, ಯುಪಿಎಸ್ ಇಲ್ಲ, ಮತ್ತೆ ಮೊದಲಿನಿಂದ. ಕಾಕು ಒಳಗಿಂದ "ಮೊದ್ಲ ಊಟಾ ಮಾಡ್ರಿ, ಅದೇನ ಓಡಿ ಹೋಗೂದಿಲ್ಲ" ಅಂದರು. ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ ಮುಗಿಸಿ ಬಂದು ಮತ್ತೆ ಹಚ್ಚಿದೆವು.

ಮಧ್ಯಾಹ್ನ ಎರಡರ ಏಪ್ರಿಲ್ ಬಿಸಿಲಿನಲ್ಲೇ ಹಚ್ಚಿದ್ದು ಬೇಕಂತಲೇ. ರ‍್ಯಾಮಿನ ಒಂದೊಂದು ಕೋಶದಲ್ಲೂ ಚೂರು ವಿದ್ಯುತ್ ತುಂಬಿರುತ್ತದೆ, ಅದು ಸೋರುತ್ತಲೇ ಇರುತ್ತದೆ. 64 ಮಿಲಿಸೆಕೆಂಡಿಗೊಮ್ಮೆ ಎಲ್ಲವನ್ನೂ ಮತ್ತೆ ತುಂಬಬೇಕು. ಬಿಸಿಯಾದಷ್ಟೂ ಸೋರಿಕೆ ಜಾಸ್ತಿ. ರಾತ್ರಿ ತಂಪಿನಲ್ಲಿ ಪಾಸಾದ ಸೆಟ್ಟಿಂಗ್ ನಮ್ಮ ಕಡೆಯ ಬೇಸಿಗೆ ಮಧ್ಯಾಹ್ನಕ್ಕೆ ಕೈಕೊಡಬಹುದು. ಹುಬ್ಬಳ್ಳಿ, ಗದಗಿನವರು ಹಗಲೇ ಪರೀಕ್ಷೆ ಮಾಡಿ.

ಸಂಜೆಯ ಹೊತ್ತಿಗೆ ನಾಲ್ಕೂ ಸುತ್ತು ಮುಗಿದವು, ತಪ್ಪು ಸೊನ್ನೆ. ಅವನು ಪಿಸಿಯ ವೇಗಗಳನ್ನು ತೋರಿಸುವ ಸಿಪಿಯು-ಝಡ್ ಪ್ರೋಗ್ರಾಂ ತೆಗೆದು ಮತ್ತೆ ಗಾಬರಿಯಾದ, "1466 ತೋರಸಾಕತ್ತೈತಲ್ಲೋ ಅಣ್ಣಾ!" ಅದು ಸರಿಯೇ. ಡಿಡಿಆರ್ ಒಂದು ಬಡಿತಕ್ಕೆ ಎರಡು ಸಲ ಡೇಟಾ ಕಳಿಸುತ್ತದೆ, 1466ರ ಎರಡರಷ್ಟು 2933.

ಆಗ ಮಾತ್ರ ಪ್ರೊಸೆಸರ್ ಮುಟ್ಟಿದೆವು. 4.2, 1.3 ವೋಲ್ಟ್, ಅವನು ಮೊದಲು ಇಟ್ಟ ಸೆಟ್ಟಿಂಗೇ. ಪ್ರೊಸೆಸರನ್ನು ಪೂರ್ತಿ ದುಡಿಸಿ ಪರೀಕ್ಷಿಸುವ ಪ್ರೈಮ್95 ಎರಡು ಗಂಟೆ ಓಡಿತು, ಏನೂ ಆಗಲಿಲ್ಲ. ರಾತ್ರಿಯಿಡೀ ಬೈಸಿಕೊಂಡ ಚಿಪ್ ಅದು.

ನನ್ನನ್ನು ಕೇಳಿದರೆ ಅವನ ಪ್ರೊಸೆಸರಿಗೆ ಆ 4.2ರಿಂದ ಸಿಗುವುದಕ್ಕಿಂತ ಒಳ್ಳೆಯ ರ‍್ಯಾಮ್ ಜೋಡಿಯಿಂದ ಸಿಗುವುದೇ ಜಾಸ್ತಿ, ಆಟಗಳಲ್ಲಂತೂ ಖಂಡಿತ. ಒಂದೇ ಡಬ್ಬಿಯಲ್ಲಿ ಬರುವ ಜೋಡಿ ತಗೊಳ್ಳಲು ಹೇಳಿದ್ದೇನೆ. 3200 ಸಿಎಲ್16 ಆಗಲಿ, 3600 ಸಿಎಲ್18 ಆಗಲಿ, ಮೊದಲ ಉತ್ತರಕ್ಕೆ ಕಾಯುವ ಹೊತ್ತು ಎರಡರಲ್ಲೂ 10 ನ್ಯಾನೊಸೆಕೆಂಡೇ. ಬೆಲೆ ನೋಡಿ ತಗೋ ಅಂದೆ. ಮುಂದಿನ ತಿಂಗಳು ಹುಬ್ಬಳ್ಳಿಯ ಕೊಪ್ಪೀಕರ ರೋಡಿಗೆ ಬರುತ್ತಾನಂತೆ, ಅಂಗಡಿಗೆ ಇಬ್ಬರೂ ಕೂಡಿ ಹೋಗುತ್ತೇವೆ.